ಗಾಲಿಯ ಮನೆಗೆ ತಂಗುದಾಣವೆಲ್ಲಿ?

ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಈಚೆಗೆ ಒಂದು ಚಿತ್ರ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಮಂಜು ಕವಿದ ಬೆಟ್ಟ, ಜಿನುಗುವ ಮಳೆ, ರಸ್ತೆಯ ತಿರುವಿನಲ್ಲಿ ನಿಂತ ಒಂದು ಬಿಳಿಯ ಗಾಡಿ. ಗಾಡಿಯ ಕಿಟಕಿಯಲ್ಲಿ ಹಳದಿ ಬೆಳಕು, ಒಳಗೆ ಚಹದ ಬಟ್ಟಲು ಹಿಡಿದು ಕುಳಿತ ದಂಪತಿ. ಇದಕ್ಕೆ ಕ್ಯಾಂಪರ್ ವ್ಯಾನ್ ಎಂದೂ ಕ್ಯಾರವಾನ್ ಎಂದೂ ಹೆಸರು. ನಾನು ನನ್ನ ಅನುಕೂಲಕ್ಕೆ 'ಗಾಲಿಮನೆ' ಎಂದು ಕರೆದುಕೊಂಡಿದ್ದೇನೆ. ನೆರೆಯ ಕೇರಳ ಸರ್ಕಾರ 2021ರಲ್ಲಿ 'ಕೆರವಾನ್ ಕೇರಳ' ಎಂಬ ಯೋಜನೆಯನ್ನೇ ಪ್ರಕಟಿಸಿತು. ನಮ್ಮ ಮಲೆನಾಡಿಗೂ ಇವು ಬರಲಿ, ಘಾಟಿಯ ನೆತ್ತಿಯ ಮೇಲೆ ಇವುಗಳಿಗೆಂದೇ ಉದ್ಯಾನಗಳಾಗಲಿ ಎಂಬ ಮಾತು ಆಗಾಗ ಪತ್ರಿಕೆಗಳಲ್ಲಿ ಕೇಳಿಬರುತ್ತದೆ.

ನಾನು ಗಾಲಿಮನೆಯ ವಿರೋಧಿಯಲ್ಲ. ಹನ್ನೊಂದು ದಿನ ಅದರಲ್ಲಿಯೇ ಉಂಡು, ಮಲಗಿ, ಸುಖಪಟ್ಟು ಬಂದವನು. ಆದರೆ ಹಾಗೆ ಸುಖಪಟ್ಟು ಬಂದ ಕಾರಣದಿಂದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕೆನಿಸಿದೆ. ಮೊದಲು ತಂಗುದಾಣ ಆಗಬೇಕು, ಗಾಲಿಮನೆ ಆಮೇಲೆ ಬರಲಿ. ಆ ತಂಗುದಾಣದ ಮೊದಲ ಹಕ್ಕುದಾರರು ಯಾರು ಎಂಬುದನ್ನೂ ಹೇಳಬೇಕಾಗಿದೆ. ಅದಕ್ಕೆ ಮುನ್ನ ಪ್ರವಾಸದ ಕಥೆ ಸ್ವಲ್ಪ ಹೇಳುತ್ತೇನೆ. ಓದುಗ ಮಿತ್ರರು ಸಹಿಸಿಕೊಳ್ಳಬೇಕು.

2024ರ ಜುಲೈ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ಮಗಳ ಮನೆಯಲ್ಲಿದ್ದೆವು. ಮಗಳು, ಅಳಿಯ ಸೇರಿ ಒಂದು ಗಾಲಿಮನೆಯನ್ನು ಬಾಡಿಗೆಗೆ ತಂದರು. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಪಾರ್ಸಲ್ ಗಾಡಿಯಂತೆ. ಒಳಗೆ ಕಾಲಿಟ್ಟರೆ ಎರಡು ಉರಿಯ ಒಲೆ, ಕೈ ತೊಳೆಯುವ ತೊಟ್ಟಿ, ಹಗಲು ಮೇಜಾಗಿ ರಾತ್ರಿ ಹಾಸಿಗೆಯಾಗುವ ಹಲಗೆ, ಮೇಲೆ ಅಟ್ಟದಂತಹ ಮತ್ತೊಂದು ಹಾಸಿಗೆ, ಮೂಲೆಯಲ್ಲಿ ಒಬ್ಬರು ಮಾತ್ರ ನಿಲ್ಲಬಹುದಾದ ಶೌಚದ ಗೂಡು. ಸಾಮಾನ್ಯ ಕಾರಿನ ಲೈಸೆನ್ಸು ಇದ್ದವರು ಅಲ್ಲಿ ಮೂರೂವರೆ ಟನ್ ತೂಕದವರೆಗಿನ ಗಾಡಿಯನ್ನು ಓಡಿಸಬಹುದು. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೂ ತಪ್ಪು. ನೂರು ಲೀಟರ್ ನೀರು ತುಂಬಿದರೆ ನೂರು ಕಿಲೋ ಆಯಿತು ಎಂದು ಅಳಿಯ ಲೆಕ್ಕ ಹಾಕುತ್ತಿದ್ದರೆ, ನನ್ನವಳು ಹುಮನಾಬಾದಿನಿಂದ ಕಟ್ಟಿಕೊಂಡು ಬಂದಿದ್ದ ಖಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಹಿಂಡಿಯ ಡಬ್ಬಿಯನ್ನೂ ಸದ್ದಿಲ್ಲದೆ ಹಾಸಿಗೆಯ ಕೆಳಗೆ ಸೇರಿಸಿದಳು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು. ಆಲ್ಪ್ಸ್ ಪರ್ವತಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಪುಸ್ತಕದಲ್ಲಿ ಅವು ಸದಾ ಬಿಸಿಲಿನಲ್ಲಿ ಹೊಳೆಯುವ ಹಿಮಶಿಖರಗಳು. ನಾವು ಕಂಡದ್ದು ಮಳೆಯ ಆಲ್ಪ್ಸ್. ಆಸ್ಟ್ರಿಯದ ಬ್ರೆಗೆಂಜ್ ದಾಟಿ, ಸ್ವಿಟ್ಜರ್ಲೆಂಡಿನ ಕೂರ್ ಪಟ್ಟಣವನ್ನು ಹಾದು, ರೈನ್ ನದಿಯ ಎಳೆಯ ತೊರೆಯ ಜೊತೆಜೊತೆಗೇ ಏರುತ್ತ 2044 ಮೀಟರ್ ಎತ್ತರದ ಓಬರಾಲ್ಪ್ ಕಣಿವೆದಾರಿಯನ್ನು ತಲುಪುವವರೆಗೂ ಗಾಜಿನ ಮೇಲಿನ ಕಡ್ಡಿಗಳು ಒಂದು ಕ್ಷಣ ನಿಲ್ಲಲಿಲ್ಲ. ಆ ನದಿಯ ಹುಟ್ಟು ಅಲ್ಲಿಗೆ ಹತ್ತಿರದ ಒಂದು ಪುಟ್ಟ ಸರೋವರದಲ್ಲಿ. ಮರುದಿನ ಆಂಡರ್ಮಾಟ್ ಎಂಬ ಊರಿನಿಂದ ಫುರ್ಕಾ ಘಾಟಿ. ಅದರ ಎತ್ತರ 2429 ಮೀಟರ್, ಅಂದರೆ ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಐದುನೂರು ಮೀಟರ್ ಮೇಲೆ ಬಸ್ಸು ಓಡುವ ರಸ್ತೆ! ಅಲ್ಲಿ ರೋನ್ ಹಿಮನದಿಯ ಅಂಚಿಗೆ, ಬೇಸಿಗೆಯಲ್ಲಿ ಮಂಜು ಬೇಗ ಕರಗದಿರಲೆಂದು ಬಿಳಿಯ ದಪ್ಪ ಬಟ್ಟೆಗಳನ್ನು ಹೊದಿಸಿದ್ದರು. ಕಾಯಿಲೆಯ ಮುದುಕನಿಗೆ ಕಂಬಳಿ ಹೊದಿಸಿದಂತೆ ಕಂಡಿತು. ಮಳೆಯಲ್ಲಿ ಆ ಬಟ್ಟೆ ತೊಯ್ದು ಬೂದಿಬಣ್ಣಕ್ಕೆ ತಿರುಗಿತ್ತು. ಎಷ್ಟೋ ತರಗತಿಗಳಿಗೆ ಹಿಮನದಿಯ ಸವೆತದ ಪಾಠ ಮಾಡಿದ ನನಗೆ ಆ ದೃಶ್ಯದ ಮುಂದೆ ಮಾತು ಹೊರಡಲಿಲ್ಲ.

ಬೀದರ ಜಿಲ್ಲೆಯವರಾದ ನಮಗೆ ಮಳೆ ಎಂದರೆ ಲೆಕ್ಕದ ವಸ್ತು. ವರ್ಷಕ್ಕೆ ಎಂಬತ್ತೈದು, ತೊಂಬತ್ತು ಸೆಂಟಿಮೀಟರ್ ಬಿದ್ದರೆ ಪುಣ್ಯ. ಸಹ್ಯಾದ್ರಿಯನ್ನು ದಾಟಿ ನಮ್ಮ ಪ್ರಸ್ಥಭೂಮಿಗೆ ಬರುವಷ್ಟರಲ್ಲಿ ಮೋಡಗಳ ಕೈ ಬರಿದಾಗಿರುತ್ತದೆ. ಅದೇ ಮೋಡಗಳು ಆಗುಂಬೆಯಲ್ಲಿ ಏಳುನೂರು ಸೆಂಟಿಮೀಟರಿಗೂ ಹೆಚ್ಚು ಸುರಿಸಿ ಬಂದಿರುತ್ತವೆ. ಹೀಗಾಗಿ ಬಯಲುಸೀಮೆಯವನು ಮಳೆಯ ಬೆಟ್ಟವನ್ನು ನೋಡುವ ಕಣ್ಣಿನಲ್ಲಿ ಒಂದು ಬಗೆಯ ಹಸಿವು ಇರುತ್ತದೆ. ಆ ಹಸಿವು ತೀರುವುದು ಓಡುವ ಗಾಡಿಯಲ್ಲಿ ಅಲ್ಲ, ನಿಂತ ಗಾಡಿಯಲ್ಲಿ. ಇದು ನನಗೆ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಮನದಟ್ಟಾಯಿತು. ಅಲ್ಲಿ ಸ್ಟೌಬ್‌ಬಾಖ್ ಎಂಬ ಜಲಪಾತವಿದೆ. ಎತ್ತರ 297 ಮೀಟರ್. ನಮ್ಮ ಜೋಗ 253 ಮೀಟರ್. ಹೆಸರಿನ ಅರ್ಥ 'ಧೂಳಿನ ಹೊಳೆ' ಎಂದು ಮಗಳು ಹೇಳಿದಳು. ಬಂಡೆಯ ತುದಿಯಿಂದ ಹೊರಟ ನೀರು ನೆಲ ಮುಟ್ಟುವ ಮೊದಲೇ ಧೂಳಾಗಿ ಗಾಳಿಯಲ್ಲಿ ಚದುರಿಹೋಗುತ್ತದೆ. ಜೋಗದ ರಾಜನ ಗಾಂಭೀರ್ಯ ಅದಕ್ಕಿಲ್ಲ ಎಂಬುದು ನನ್ನ ಪಕ್ಷಪಾತದ ತೀರ್ಪು. ಆದರೆ ಅದರ ಎದುರು ನಾವು ಎರಡು ರಾತ್ರಿ ನಿಂತೆವು. ಕಿಟಕಿಯ ಪಕ್ಕದಲ್ಲಿ ಕುಳಿತು, ಮಳೆ ಜೋರಾದಂತೆ ಆ ನೀರಿನ ಎಳೆ ದಪ್ಪವಾಗುವುದನ್ನೂ ಮಳೆ ತಗ್ಗಿದಂತೆ ಸಣ್ಣದಾಗುವುದನ್ನೂ ನೋಡುತ್ತ ಎರಡು ದಿನ ಕಳೆದದ್ದು ನನ್ನ ಜೀವಮಾನದ ದೊಡ್ಡ ಸುಖಗಳಲ್ಲಿ ಒಂದು. ಖಡಕ್ ರೊಟ್ಟಿ ಮಾತ್ರ ಆ ತೇವಕ್ಕೆ ಮೆತ್ತಗಾಗಿ ಹೆಸರಿಗೆ ಅವಮಾನ ತಂದಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಸುಖಕ್ಕೆ ಕಾರಣ ಗಾಡಿ ಎಂದು ನಾವು ಭಾವಿಸುತ್ತೇವೆ. ಗಾಡಿಯಲ್ಲ, ಕಾರಣ ನಿಲ್ಲುವ ನೆಲ. ಅಲ್ಲಿ ಗಾಲಿಮನೆಯನ್ನು ಮನಸ್ಸು ಬಂದ ತಿರುವಿನಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಎಲ್ಲಿ ರಾತ್ರಿ ನಿಲ್ಲಬಹುದು, ಎಲ್ಲಿ ಕೂಡದು ಎಂಬುದಕ್ಕೆ ಆಯಾ ಪ್ರಾಂತದ, ಆಯಾ ಊರಿನ ಕಟ್ಟುಪಾಡುಗಳಿವೆ. ಜಾಹೀರಾತಿನ ಆ ತಿರುವಿನ ಚಿತ್ರದಂತೆ ನಿಂತರೆ ದಂಡ ಬೀಳುತ್ತದೆ. ನಿಲ್ಲಬಹುದಾದ ಜಾಗದಲ್ಲಿ ಮಾತ್ರ ಎಲ್ಲವೂ ಉಂಟು. ಒಂದು ನಾಣ್ಯ ಹಾಕಿದರೆ ತೊಟ್ಟಿಗೆ ಕುಡಿಯುವ ನೀರು ತುಂಬುವ ನಲ್ಲಿ, ಪಾತ್ರೆ ತೊಳೆದ ಕೊಳೆನೀರನ್ನು ಬಿಡಲು ನೆಲದಲ್ಲಿ ಜಾಲರಿ, ಶೌಚದ ಡಬ್ಬಿಯನ್ನು ಖಾಲಿ ಮಾಡಲು ಬೇರೆಯದೇ ಒಂದು ಕುಂಡ, ವಿದ್ಯುತ್ತಿನ ಕಂಬ, ಬಿಸಿನೀರಿನ ಸ್ನಾನದ ಕೋಣೆ. ಆ ಡಬ್ಬಿಯನ್ನು ಖಾಲಿ ಮಾಡುವ ಪಾಳಿ ದಿನಕ್ಕೊಬ್ಬರದು, ಬಿ.ಎಡ್. ಪದವೀಧರನೆಂದು ನನಗೇನೂ ರಿಯಾಯಿತಿ ಸಿಗಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಆ ಡಬ್ಬಿಯನ್ನು ಎಳೆದುಕೊಂಡು ಹೋಗುವಾಗ, ಎದುರಿಗೆ ಅಂಥದೇ ಡಬ್ಬಿ ಎಳೆದುಕೊಂಡು ಬಂದ ಒಬ್ಬ ವೃದ್ಧ ಡಚ್ ಗೃಹಸ್ಥರು ಗಂಭೀರವಾಗಿ ತಲೆಬಾಗಿ ವಂದಿಸಿದರು. ನಾನೂ ವಂದಿಸಿದೆ. ಹೊಳೆಗೆ ಒಂದು ತೊಟ್ಟು ಕೊಳೆ ಸೇರದಂತೆ ಎಲ್ಲರೂ ಎಚ್ಚರ ವಹಿಸಿದ್ದರಿಂದಲೇ ಆ ಕಣಿವೆಯ ತೊರೆಗಳು ನೋಡುವಂತಿದ್ದವು.

ಬೆಟ್ಟ ಅಲ್ಲಿಯೂ ಕುಸಿಯುತ್ತದೆ. ಇದನ್ನು ಮರೆಮಾಚಬಾರದು. ನಾವು ಹೋಗುವ ಮೂರು ವಾರ ಮುಂಚೆ, 2024ರ ಜೂನ್ 21ರಂದು, ಆ ದೇಶದ ಮಿಸಾಕ್ಸ್ ಕಣಿವೆಯಲ್ಲಿ ಸುರಿದ ಭಾರೀ ಮಳೆಗೆ ನದಿ ಉಕ್ಕಿ ಎ-13 ಹೆದ್ದಾರಿಯ ಸುಮಾರು ಇನ್ನೂರು ಮೀಟರ್ ಭಾಗವನ್ನೇ ಕೊಚ್ಚಿಕೊಂಡು ಹೋಗಿತ್ತು. ಎರಡು ವಾರಗಳಲ್ಲಿ, ಜುಲೈ 5ರಂದು, ದಾರಿಯನ್ನು ತಾತ್ಕಾಲಿಕವಾಗಿ ತೆರೆದರು. ಮರುವರ್ಷ, 2025ರ ಮೇ 28ರಂದು, ಹಿಮನದಿಯೊಂದು ಕುಸಿದು ಬ್ಲಾಟೆನ್ ಎಂಬ ಹಳ್ಳಿಯ ಬಹುಭಾಗ ಮಣ್ಣು, ಮಂಜಿನಡಿ ಸೇರಿತು. ಆದರೆ ಬೆಟ್ಟ ಸಡಿಲವಾಗುತ್ತಿರುವುದನ್ನು ತಜ್ಞರು ಕಂಡುಕೊಂಡಿದ್ದರಿಂದ ಊರಿನ ಸುಮಾರು ಮುನ್ನೂರು ಜನರನ್ನು ದಿನಗಳ ಮೊದಲೇ ಸಾಗಿಸಲಾಗಿತ್ತು. ನಿಸರ್ಗದ ಕೋಪ ಎರಡೂ ಕಡೆ ಒಂದೇ. ಬೆಟ್ಟವನ್ನು ದಿನವೂ ನೋಡುವ ಕಣ್ಣು ಅಲ್ಲಿದೆ, ಇಲ್ಲಿ ಇಲ್ಲ.

ಇಲ್ಲಿ ಇಲ್ಲ ಎಂಬ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಾವು ಆ ಜಲಪಾತದ ಎದುರು ಕುಳಿತಿದ್ದ ದಿನಗಳಲ್ಲಿಯೇ, ಜುಲೈ 16ರಂದು, ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಗಳು ಕೈಗಿತ್ತ ಫೋನಿನಲ್ಲಿ ಆ ಸುದ್ದಿ ಓದಿದೆ. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡಲು ಕಡಿದ ಗುಡ್ಡ. ಅದರ ಬುಡದಲ್ಲಿ ಒಂದು ಚಹದ ಅಂಗಡಿ. ಅಂಗಡಿಯ ಬಳಿ ವಿಶ್ರಾಂತಿಗೆ ನಿಂತ ಲಾರಿಗಳು. ಒಂದು ಬೆಳಗಿನಲ್ಲಿ ಅಂಗಡಿಯೂ ಅದನ್ನು ನಡೆಸುತ್ತಿದ್ದ ಸಂಸಾರವೂ ಮಣ್ಣು ಪಾಲಾಯಿತು. ಒಂದು ಗ್ಯಾಸ್ ಟ್ಯಾಂಕರು ಗಂಗಾವಳಿ ನದಿಗೆ ಬಿತ್ತು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಒಂದು ಲಾರಿ ಕಾಣೆಯಾಯಿತು. ಅದನ್ನು ನದಿಯ ತಳದಿಂದ ಮೇಲೆತ್ತಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ಚಾಲಕನ ದೇಹ ಕ್ಯಾಬಿನ್ನಿನಲ್ಲಿಯೇ ಇತ್ತು.

ಆ ಯುವಕ ಮಾಡಿದ್ದೇನು? ಮಳೆಯ ಬೆಟ್ಟದ ಬುಡದಲ್ಲಿ ತನ್ನ ಗಾಲಿಮನೆಯನ್ನು ನಿಲ್ಲಿಸಿದ್ದ. ನಾನು ಮಾಡುತ್ತಿದ್ದುದೂ ಅದನ್ನೇ. ನನ್ನ ಗಾಡಿ ನಿಂತ ನೆಲವನ್ನು ಯಾರೋ ಪರೀಕ್ಷಿಸಿ, ಗೆರೆ ಎಳೆದು, ದೀಪ ಹಾಕಿದ್ದರು. ಅವನ ಗಾಡಿ ನಿಂತ ನೆಲವನ್ನು ಯಾರೂ ನೋಡಿರಲಿಲ್ಲ. ನಿಲ್ಲಲು ಬೇರೆ ಜಾಗವಿಲ್ಲದಿದ್ದಾಗ ಚಾಲಕ ನಿಲ್ಲುವುದು ಎಲ್ಲಿ ಚಹ ಸಿಗುತ್ತದೆಯೋ ಅಲ್ಲಿ. ಗುಡ್ಡವನ್ನು ಕಡಿದು ರಸ್ತೆಯನ್ನು ಅಗಲ ಮಾಡುವಾಗ ಗಾಡಿಗಳು ಎಷ್ಟು ವೇಗವಾಗಿ ಓಡಬೇಕು ಎಂಬುದನ್ನು ನಮ್ಮವರು ಯೋಚಿಸುತ್ತಾರೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಯೋಚಿಸುವುದಿಲ್ಲ.

ಹುಮನಾಬಾದಿನವನಾದ ನನಗೆ ಈ ವಿಷಯ ದೂರದ್ದಲ್ಲ. ನಮ್ಮ ಊರು ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಜಾಗ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೆಯ ಹೆದ್ದಾರಿ ಒಂದು. ಹಳಬರು ಇಂದಿಗೂ ಅದನ್ನು ಒಂಬತ್ತನೆಯ ನಂಬರು ಎನ್ನುತ್ತಾರೆ. ಬೀದರದಿಂದ ಕಲಬುರಗಿ, ವಿಜಯಪುರಗಳ ಕಡೆಗೆ ಇಳಿಯುವ 50ನೆಯದು ಇನ್ನೊಂದು. ಪಕ್ಕದ ಬಸವಕಲ್ಯಾಣ ತಾಲ್ಲೂಕಿನಲ್ಲಂತೂ ಲಾರಿಯೇ ಜೀವನಾಧಾರವಾದ ಮನೆಗಳು ಎಷ್ಟೋ. ಸಸ್ತಾಪುರ ಬಂಗ್ಲಾದ ಕಡೆ ಹೋದವರಿಗೆ ಸಾಲುಸಾಲು ಲಾರಿಗಳೂ ಅವುಗಳನ್ನು ಬಿಚ್ಚಿ ಜೋಡಿಸುವ ಗ್ಯಾರೇಜುಗಳೂ ಕಂಡೇ ಕಾಣುತ್ತವೆ. ನನ್ನ ವಿದ್ಯಾರ್ಥಿಗಳಲ್ಲಿ ಡಾಕ್ಟರು, ಇಂಜಿನಿಯರು ಆದವರನ್ನು ಸಮಾರಂಭಗಳಲ್ಲಿ ಹೆಸರಿಸುವುದು ವಾಡಿಕೆ. ಚಾಲಕರಾದವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

ಊರಿಗೆ ಮರಳಿದ ಮೇಲೆ ಅಂಥ ಒಬ್ಬ ಹಳೆಯ ವಿದ್ಯಾರ್ಥಿ ಮಾತನಾಡಿಸಲು ಬಂದ. ಗಾಲಿಮನೆಯ ಚಿತ್ರಗಳನ್ನು ತೋರಿಸಿದೆ. ಒಲೆ, ಹಾಸಿಗೆ, ಕಿಟಕಿಯ ಆಚೆಗಿನ ಮಳೆ, ಎಲ್ಲವನ್ನೂ ಅವನು ಶ್ರದ್ಧೆಯಿಂದ ನೋಡಿದ. ನಂತರ ನಕ್ಕು ಹೇಳಿದ: "ಸರ್, ನಾ ಇಪ್ಪತ್ತು ವರ್ಷದಿಂದ ಗಾಡ್ಯಾಗೇ ಮಲಗತೀನಿ, ಗಾಡ್ಯಾಗೇ ಅಡಗಿ ಮಾಡ್ಕೋತೀನಿ. ಶಿರಾಡಿ, ಚಾರ್ಮಾಡಿ ಎಲ್ಲಾ ಮಳ್ಯಾಗೇ ನೋಡೀನಿ. ಅದಕ್ಕ ಯಾರೂ ಪ್ರವಾಸ ಅನ್ನಲಿಲ್ರಿ." ಆಮೇಲೆ ಅವನು ಕೇಳಿದ ಪ್ರಶ್ನೆ ಒಂದೇ. ಜಲಪಾತದ ಬಗ್ಗೆಯಲ್ಲ, ಹಿಮದ ಬಗ್ಗೆಯೂ ಅಲ್ಲ. "ಆ ನೀರಿನ ನಲ್ಲಿ ಲಾರಿಯವರಿಗೂ ಬಿಡತಾರೇನ್ರಿ?"

ಇದಕ್ಕೆ ನಾನು ಕೊಟ್ಟ ಉತ್ತರ ಪೂರ್ತಿ ಸಿಹಿಯಾದುದಲ್ಲ. ಯೂರೋಪಿನಲ್ಲಿಯೂ ಪ್ರವಾಸಿಗರ ತಂಗುದಾಣ ಬೇರೆ, ಲಾರಿಗಳದು ಬೇರೆ. ಜರ್ಮನಿಯ ಹೆದ್ದಾರಿಗಳಲ್ಲಿ ಲಾರಿಗಳಿಗೆ ಜಾಗ ಸಾಲದೆ, ಕತ್ತಲಾದ ಮೇಲೆ ತಂಗುದಾಣದ ಒಳದಾರಿಯ ಅಂಚಿನವರೆಗೂ ಅವು ನಿಂತಿರುವುದನ್ನು ಕಂಡಿದ್ದೇನೆ. ಆದರೆ ಚಾಲಕನ ವಿಶ್ರಾಂತಿ ಅಲ್ಲಿ ಮಾಲೀಕನ ಮರ್ಜಿಗೆ ಬಿಟ್ಟದ್ದಲ್ಲ. ನಾಲ್ಕೂವರೆ ತಾಸು ಓಡಿಸಿದ ಮೇಲೆ ನಲವತ್ತೈದು ನಿಮಿಷ ವಿರಾಮ ಕಡ್ಡಾಯ, ಗಾಡಿಯಲ್ಲಿರುವ ಯಂತ್ರ ಅದನ್ನು ದಾಖಲಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೂ ಭಾನುವಾರಗಳಂದೂ ಭಾರೀ ಲಾರಿಗಳು ಓಡುವಂತಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿದು 2020ರ ಕಾನೂನಿನಲ್ಲಿ ಸ್ಪಷ್ಟವಾಗಿ ಸೇರಿದ ಇನ್ನೊಂದು ನಿಯಮವಂತೂ ನನ್ನನ್ನು ಬೆರಗುಗೊಳಿಸಿತು. ವಾರದ ನಲವತ್ತೈದು ತಾಸಿನ ಪೂರ್ಣ ವಿಶ್ರಾಂತಿಯನ್ನು ಚಾಲಕ ತನ್ನ ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ. ಅವನಿಗೆ ಸರಿಯಾದ ಹಾಸಿಗೆಯೂ ಸ್ನಾನದ ಸೌಕರ್ಯವೂ ಇರುವ ವಸತಿಯನ್ನು ಮಾಲೀಕನೇ ಒದಗಿಸಬೇಕು. ಗಮನಿಸಿ: ನಮ್ಮಂಥವರು ಹಣ ಕೊಟ್ಟು ಗಾಡಿಯಲ್ಲಿ ಮಲಗುತ್ತೇವೆ. ಗಾಡಿಯಲ್ಲಿಯೇ ಬಾಳುವವನನ್ನು ಆ ಪೂರ್ಣ ವಿಶ್ರಾಂತಿಗಾದರೂ ಗಾಡಿಯಿಂದ ಕೆಳಗಿಳಿಸಿ ಮಲಗಿಸಬೇಕೆಂದು ಕಾನೂನು ಹೇಳುತ್ತದೆ.

ನಮ್ಮಲ್ಲಿ ಕಾನೂನಿಲ್ಲವೇ? ಇದೆ, ಮತ್ತು ಹಳೆಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮದಲ್ಲಿ ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ತಾಸು ದುಡಿಮೆ ಎಂದಿತ್ತು. ಐದು ತಾಸಿನ ನಂತರ ಕನಿಷ್ಠ ಅರ್ಧ ತಾಸಿನ ವಿರಾಮ ಎಂದು ಇತ್ತು. ಹುಮನಾಬಾದಿನ ಯಾವ ಧಾಬಾದಲ್ಲಿ ಬೇಕಾದರೂ ಕುಳಿತು ಇದನ್ನು ಓದಿ ಹೇಳಿ ನೋಡಿ, ಚಾಲಕರು ನಗುತ್ತಾರೆ. ನಿಯಮವನ್ನು ಬರೆದವರು ಆ ಅರ್ಧ ತಾಸನ್ನು ಯಾವ ನೆಲದ ಮೇಲೆ ಕಳೆಯಬೇಕೆಂದು ಬರೆಯಲಿಲ್ಲ. ಇತ್ತೀಚೆಗೆ ಕೆಲವು ಒಳ್ಳೆಯ ಹೆಜ್ಜೆಗಳೂ ಕಾಣುತ್ತಿವೆ ಎಂಬುದನ್ನು ಒಪ್ಪಬೇಕು. ಚಾಲಕರಿಗಾಗಿ ಹೆದ್ದಾರಿಗಳಲ್ಲಿ ಮೊದಲ ಹಂತದಲ್ಲಿ ಸಾವಿರ ವಿಶ್ರಾಂತಿ ಕಟ್ಟಡಗಳನ್ನು ಕಟ್ಟುವುದಾಗಿ ಪ್ರಧಾನಿಯವರು 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಪೆಟ್ರೋಲ್ ಬಂಕುಗಳಲ್ಲಿ 'ಅಪ್ನಾ ಘರ್' ಎಂಬ ವಸತಿಗಳು ಅಲ್ಲಲ್ಲಿ ಬಂದಿವೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ ಮಾಡುವ ಆದೇಶ 2023ರ ಡಿಸೆಂಬರಿನಲ್ಲಿ ಹೊರಟಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಇವುಗಳಲ್ಲಿ ಮಳೆಯ ಘಾಟಿಗಳಿಗೆಂದೇ ರೂಪಿಸಿದ ಯೋಜನೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅಪಾಯ ಹೆಚ್ಚಿರುವುದು ಅಲ್ಲಿಯೇ.

ತಂಗುದಾಣವೆಂಬುದು ಪಶ್ಚಿಮದಿಂದ ತರಬೇಕಾದ ವಸ್ತು ಎಂದು ಯಾರೂ ಭಾವಿಸಬೇಕಾಗಿಲ್ಲ. ಕ್ಯಾರವಾನ್ ಎಂಬ ಪರಭಾಷೆಯ ಪದಕ್ಕೆ ನಿಜವಾದ ಅರ್ಥ ಕೊಟ್ಟವರು ನಮ್ಮ ತಾಂಡಾಗಳ ಹಿರಿಯರು. ಸಾವಿರಾರು ಎತ್ತುಗಳ ಬೆನ್ನಿಗೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು, ಸಂಸಾರ ಸಮೇತ, ಲಂಬಾಣಿಗರು ದಖ್ಖನ್ನಿನ ಉದ್ದಗಲ ತಿರುಗುತ್ತಿದ್ದರು. ಮೊಗಲರ ದಂಡಿಗೂ ಮುಂದೆ ಇಂಗ್ಲಿಷರ ದಂಡಿಗೂ ಅನ್ನ ತಲುಪಿಸಿದವರು ಅವರೇ. ಎಲ್ಲಿ ನೀರು, ಎಲ್ಲಿ ಹುಲ್ಲು, ಎಲ್ಲಿ ಮಳೆಗೆ ಜಾರದ ಗಟ್ಟಿ ನೆಲ ಎಂಬುದನ್ನು ನೋಡಿಯೇ ಅವರ ಬಿಡಾರ ಬೀಳುತ್ತಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ದೂರದೂರದಿಂದ ನಡೆದು ಬಂದ ಶರಣರಿಗೆ ದಾಸೋಹದ ಮನೆ ಕಾದಿತ್ತು. ನಮ್ಮ ಊರಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಮಾಣಿಕಪ್ರಭುಗಳ ಕಾಲದಿಂದ ದಾರಿಹೋಕನಿಗೆ ಅನ್ನ ನಡೆದುಕೊಂಡು ಬಂದಿದೆ. ಛತ್ರ, ಅರವಟ್ಟಿಗೆ, ಸಾಲುಮರ ಎಂಬ ಪದಗಳನ್ನು ಮಕ್ಕಳಿಗೆ ಟಿಪ್ಪಣಿ ಬರೆಸುವಾಗ 'ಪುಣ್ಯಕಾರ್ಯ' ಎಂದು ಬರೆಸುತ್ತಿದ್ದೆ. ಈಗ ಬರೆಸುವುದಾದರೆ 'ಸಾರಿಗೆ ವ್ಯವಸ್ಥೆ' ಎಂದು ಬರೆಸುತ್ತೇನೆ.

ಧಾಬಾಗಳು ಇವೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಧಾಬಾ ನಮ್ಮ ಕಾಲದ ಛತ್ರ. ಎರಡು ರೊಟ್ಟಿ ಉಂಡವನಿಗೆ ನೂಲಿನ ಮಂಚವನ್ನೂ ಸ್ನಾನಕ್ಕೆ ನೀರನ್ನೂ ಕೊಡುವ ಧಾಬಾದವರ ಔದಾರ್ಯಕ್ಕೆ ನಾನು ಕೈಮುಗಿಯುತ್ತೇನೆ. ಬಯಲಿನಲ್ಲಿ ಅದು ನಡೆಯುತ್ತದೆ. ಘಾಟಿಯಲ್ಲಿ ಧಾಬಾ ಎದ್ದೇಳುವುದು ಗುಡ್ಡ ಕಡಿದು ಸಮ ಮಾಡಿದ ನೆಲದ ಮೇಲೆ, ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ ಅಥವಾ ಹೊಳೆ. ಇನ್ನು ಹೆಂಗಸರ ಪಾಡು. ನನ್ನ ಹೆಂಡತಿ ಹನ್ನೊಂದು ದಿನದ ಪ್ರವಾಸದಲ್ಲಿ ಧಾರಾಳವಾಗಿ ನೀರು ಕುಡಿದಳು. ನಮ್ಮ ಹೆದ್ದಾರಿಗಳಲ್ಲಿ ಬಸ್ ಪ್ರಯಾಣ ಹೊರಟರೆ ಬೆಳಗಿನಿಂದ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ಇದರ ಕಾರಣವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಾದ: ಗಾಲಿಮನೆಗಳು ಬಂದರೆ ಮಲೆನಾಡಿಗೆ ಆದಾಯ ಬರುತ್ತದೆ, ಅವುಗಳಿಗಾಗಿ ರಸ್ತೆಯನ್ನೂ ಅಗಲ ಮಾಡಬಹುದು ಎಂಬುದು. ಇದಕ್ಕೆ ನನ್ನ ಸಂಪೂರ್ಣ ವಿರೋಧವಿದೆ. ಆಗುಂಬೆಯ ಘಾಟಿಯಲ್ಲಿ ಮಳೆಗಾಲ ಬಂತೆಂದರೆ ಭಾರೀ ವಾಹನಗಳನ್ನು ತಡೆಯುವುದು ರೂಢಿಯಾಗಿದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಎಷ್ಟು ಕಡೆ ಕುಸಿಯಿತೆಂಬುದನ್ನು ಆ ಕಡೆಯವರು ಮರೆತಿಲ್ಲ. ಆ ಬೆಟ್ಟಗಳ ಒಡಲನ್ನು ಮತ್ತಷ್ಟು ಬಗೆದು ನಮ್ಮ ಕಿಟಕಿಗೆ ಮಳೆಯ ದೃಶ್ಯ ಒದಗಿಸಬೇಕಾಗಿಲ್ಲ. ಗಾಲಿಮನೆಗಳು ಬುಡದಲ್ಲಿ ನಿಲ್ಲಲಿ. ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಸಣ್ಣ ಬಸ್ಸು ಹೋಗಲಿ. ಲೌಟರ್‌ಬ್ರುನ್ನೆನ್ನಿನಲ್ಲಿಯೂ ಗಾಡಿಗಳು ಕಣಿವೆಯ ತಳದಲ್ಲಿಯೇ ನಿಲ್ಲುತ್ತವೆ. ಮೇಲಿನ ವೆಂಗೆನ್, ಮ್ಯೂರೆನ್ ಎಂಬ ಊರುಗಳಿಗೆ ಪ್ರವಾಸಿಯ ಕಾರು ಹೋಗುವಂತಿಲ್ಲ, ರೈಲನ್ನೋ ತೂಗುಪೆಟ್ಟಿಗೆಯನ್ನೋ ಹತ್ತಿಯೇ ಹೋಗಬೇಕು. ನಾವೂ ಹಾಗೆಯೇ ಹೋದೆವು. ಅದರಿಂದ ಆ ಊರುಗಳ ಆದಾಯಕ್ಕೆ ಕುಂದು ಬಂದಂತೆ ಕಾಣಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಶಿರಾಡಿ, ಚಾರ್ಮಾಡಿ, ಆಗುಂಬೆ, ಅರಬೈಲು, ಈ ಘಾಟಿಗಳ ತಲೆಯಲ್ಲಿ ಒಂದು, ಬುಡದಲ್ಲಿ ಒಂದು, ಭೂವಿಜ್ಞಾನಿಗಳು ನೋಡಿ ಒಪ್ಪಿದ ನೆಲದ ಮೇಲೆ ಸರ್ಕಾರಿ ತಂಗುದಾಣ ಆಗಲಿ. ಲಾರಿಗೂ ಅದೇ, ಗಾಲಿಮನೆಗೂ ಅದೇ. ಪ್ರವಾಸಿಯಿಂದ ಹೆಚ್ಚು ಶುಲ್ಕ ಪಡೆದು ಚಾಲಕನಿಗೆ ಉಚಿತವಾಗಿ ಕೊಡಲಿ. ಕೆಂಪು ಎಚ್ಚರಿಕೆಯ ದಿನ ಘಾಟಿ ಮುಚ್ಚಿದರೆ ಮೇಲಿನವನು ಮೇಲೆ, ಕೆಳಗಿನವನು ಕೆಳಗೆ, ಒಣಗಿದ ಜಾಗದಲ್ಲಿ ಅನ್ನ ಬೇಯಿಸಿಕೊಂಡು ಮಲಗುವಂತಾಗಲಿ. ಮಾಲು ತಡವಾದುದಕ್ಕೆ ಚಾಲಕನ ಬಾಡಿಗೆಯಲ್ಲಿ ಕಡಿತ ಮಾಡಬಾರದೆಂಬ ನಿಯಮವೂ ಜೊತೆಗೆ ಬೇಕು. ಇಲ್ಲವಾದರೆ ಎಷ್ಟೇ ತಂಗುದಾಣ ಕಟ್ಟಿದರೂ ಅವನು ನಿಲ್ಲುವುದಿಲ್ಲ.

ಘಾಟಿಯ ಮಾತು ಬೆಂಗಳೂರಿನಲ್ಲಿ ತೀರ್ಮಾನವಾಗಬೇಕಾದದ್ದು. ನಮ್ಮ ಕೈಗೆಟಕುವುದು ಹುಮನಾಬಾದಿನ ಕೂಡುರಸ್ತೆ. ನಾವು ಕೆಲವರು ನಿವೃತ್ತರು ಸೇರಿ ಜಿಲ್ಲಾಡಳಿತಕ್ಕೆ ಕೊಡಲು ಒಂದು ಮನವಿಯನ್ನು ಬರೆದಿದ್ದೇವೆ. ಮೊದಲ ಕರಡಿನಲ್ಲಿ ಬಹಳ ವಿಷಯಗಳಿದ್ದವು, ತಿದ್ದಿ ತಿದ್ದಿ ಒಂದು ಪುಟಕ್ಕೆ ತಂದಿದ್ದೇವೆ. ಲಾರಿಗಳು ನಿಲ್ಲಲು ಡಾಂಬರು ಹಾಕಿದ ನೆಲ, ಕುಡಿಯುವ ನೀರಿನ ನಲ್ಲಿ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಶೌಚಾಲಯ, ಸ್ನಾನದ ಕೋಣೆ, ರಾತ್ರಿಯಿಡೀ ಉರಿಯುವ ದೀಪ, ಒಬ್ಬ ಕಾವಲುಗಾರ, ಸುತ್ತ ಬೇವಿನ ಗಿಡಗಳು. ಶ್ರಾವಣ ಸೋಮವಾರದ ಒಳಗೆ ಕೊಡಬೇಕೆಂದಿದೆ. ಆ ಹಳೆಯ ವಿದ್ಯಾರ್ಥಿ ತನ್ನ ಸಂಗಡಿಗರ ಇನ್ನೂರ ಹದಿನಾಲ್ಕು ಸಹಿಗಳನ್ನು ತಂದುಕೊಟ್ಟಿದ್ದಾನೆ. ಕೆಲವು ಸಹಿಗಳ ಮೇಲೆ ಆಯಿಲಿನ ಬೆರಳಚ್ಚು ಇದೆ. ಹಾಗೆಯೇ ಇರಲಿ ಎಂದಿದ್ದೇನೆ. ಓದುಗರಲ್ಲಿ ನಮ್ಮ ತಾಲ್ಲೂಕಿನವರು ಯಾರಾದರೂ ಇದ್ದರೆ, ಸಂಜೆ ಐದರ ನಂತರ ನಾನು ಮನೆಯಲ್ಲಿಯೇ ಇರುತ್ತೇನೆ. ಕಾಗದದ ಕೆಳಗೆ ಇನ್ನೂ ಜಾಗವಿದೆ.